ಎಕ್ಸ್‌ಪಲ್ಸ್ ಹಿಂಬದಿ ಸಸ್ಪೆನ್ಷನ್: ಶಾಕ್ ಕೊಳ್ಳುವ ಮುಂಚೆ ಟೇಪ್ ಹಿಡಿಯಿರಿ

ಹೀರೋ ಎಕ್ಸ್‌ಪಲ್ಸ್ 200 ಬೈಕ್ 2019ರಲ್ಲಿ ಬಂತು. ಇದರ ಹಿಂದಿನ ಚಕ್ರ 170 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಮಲೆನಾಡಿನ ತೋಟದ ದಾರಿಗೆ, ಸಾಮಾನ್ಯ ಮಣ್ಣು ರಸ್ತೆಗೆ ಅಷ್ಟು ಸಾಕು. ಆದರೆ ಮೈತೂಕ ಜಾಸ್ತಿ ಇರುವವರು, ಹಿಂದೆ ಲಗೇಜ್ ಕಟ್ಟುವವರು ಅಥವಾ ದಿಣ್ಣೆ ಹಾರಿಸುವವರು ಓಡಿಸಿದರೆ ಶಾಕ್ (ಕುಲುಕಾಟ ಹೀರುವ ಶಾಕ್ ಅಬ್ಸಾರ್ಬರ್) ಧಡ್ ಅಂತ ತಳ ಮುಟ್ಟುತ್ತದೆ. ಆಗ ಎಲ್ಲರೂ ದುಬಾರಿ ಶಾಕ್ ಹುಡುಕಲು ಹೊರಡುತ್ತಾರೆ. ತಡೆಯಿರಿ, ತೊಂದರೆ ಬರೀ ಸ್ಪ್ರಿಂಗಿನದ್ದೇ ಇರಬಹುದು.

ಮೊದಲು ಸ್ಯಾಗ್ ಅಳೆಯಬೇಕು. ಅಂದರೆ ತೂಕ ಬಿದ್ದಾಗ ಹಿಂಬದಿ ಎಷ್ಟು ಕುಸಿಯುತ್ತದೆ ಅನ್ನುವ ಲೆಕ್ಕ. ಹಿಂದಿನ ಚಕ್ರ ನೆಲ ಬಿಡುವ ಹಾಗೆ ಬೈಕನ್ನು ಎತ್ತಿ ನಿಲ್ಲಿಸಿ. ಚಕ್ರದ ನಡುವಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಪಕ್ಕ ಒಂದು ಗುರುತು ಹಾಕಿ ಅಳತೆ ಬರೆದುಕೊಳ್ಳಿ. ಆಮೇಲೆ ಬೈಕನ್ನು ನೆಲಕ್ಕಿಳಿಸಿ, ಯಾರೂ ಕೂರದೆ ಇನ್ನೊಮ್ಮೆ ಅಳೆಯಿರಿ. ಕೊನೆಗೆ ಹೆಲ್ಮೆಟ್, ಬೂಟು, ಬ್ಯಾಗ್ ಎಲ್ಲ ಹಾಕಿಕೊಂಡು ಕೂತು, ಗೆಳೆಯರ ಕೈಲಿ ಅಳೆಸಿ. ಮೊದಲ ಅಳತೆಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಕಳೆಯಿರಿ. 170 ಮಿಮೀ ಆಟದ ಬೈಕಿಗೆ ಸವಾರ ಕೂತಾಗ 50ರಿಂದ 57 ಮಿಮೀ, ಬರೀ ಬೈಕಿಗೆ 15ರಿಂದ 25 ಮಿಮೀ ಕುಸಿತ ಇದ್ದರೆ ಸರಿ.

ಸವಾರನ ಸ್ಯಾಗ್ ಸರಿ ಇಲ್ಲದಿದ್ದರೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನುವ ಹೊಂದಾಣಿಕೆ) ತಿರುಗಿಸಿ ನೋಡಿ. ಮೂಲ ಶಾಕ್‌ನಲ್ಲಿ 10 ಹಂತ ಇವೆ. ತುಂಬಾ ಜನ ತಪ್ಪು ತಿಳಿಯುವುದು ಇಲ್ಲೇ. ಪ್ರಿಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ, ಹಿಂಬದಿ ಎತ್ತರ ಏರುತ್ತದೆ ಅಷ್ಟೆ. ಹಾಗಾಗಿ ಸವಾರನ ಅಳತೆ ಸರಿಬಂದ ಮೇಲೆ ಬರೀ ಬೈಕಿನ ಅಳತೆಯನ್ನು ಮತ್ತೆ ನೋಡಬೇಕು. ಅದು ಸೊನ್ನೆಯ ಹತ್ತಿರ ಇದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು, ಪ್ರಿಲೋಡ್‌ನಿಂದ ಸುಮ್ನೆ ಎಳೆದು ಹೊಂದಿಸಿದ್ದೀರಿ ಅಂತ ಅರ್ಥ. ತೀರಾ ಜಾಸ್ತಿ ಇದ್ದರೆ ಸ್ಪ್ರಿಂಗ್ ಗಟ್ಟಿಯಾಯಿತು. ಉಲ್ಟಾ ಅನಿಸುತ್ತದೆ ಅಲ್ವಾ? ಆದರೆ ಲೆಕ್ಕ ಇರುವುದೇ ಹೀಗೆ. ವಾರಾಂತ್ಯಕ್ಕೆ ಮಾತ್ರ ಮಣ್ಣಿಗಿಳಿಯುವವರಿಗೆ ತೂಕಕ್ಕೆ ತಕ್ಕ ಸ್ಪ್ರಿಂಗ್ ಒಂದೇ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾದ ಮೇಲೂ ಹಿಂಬದಿ ಒದ್ದರೆ, ಉದ್ದದ ಕಲ್ಲುದಾರಿಯಲ್ಲಿ ಶಾಕ್ ಬಿಸಿಯಾಗಿ ಬಲ ಕಳೆದುಕೊಂಡರೆ, ರಿಬೌಂಡ್ (ಒತ್ತಿದ ಶಾಕ್ ಮೇಲೇಳುವ ವೇಗ) ಮತ್ತು ಕಂಪ್ರೆಷನ್ (ಕುಸಿಯುವ ವೇಗ) ಹೊಂದಿಸಬಹುದಾದ ಶಾಕ್ ಕೊಳ್ಳಿ. ಹೀರೋದ ರ‍್ಯಾಲಿ ಕಿಟ್‌ನಲ್ಲಿ (ಒರಟು ದಾರಿಗೆಂದು ಕೊಡುವ ಬಿಡಿಭಾಗಗಳ ಸೆಟ್) ಹಿಂದೆ 220, ಮುಂದೆ 250 ಮಿಮೀ ಆಟ ಸಿಗುತ್ತದೆ. ಆದರೆ ಸೀಟು ಬಹಳ ಎತ್ತರವಾಗುತ್ತದೆ. ಇದೇ ಅಳತೆಯ ಸಸ್ಪೆನ್ಷನ್ ಇರುವ ಎಕ್ಸ್‌ಪಲ್ಸ್ 4ವಿ (ನಾಲ್ಕು ವಾಲ್ವ್ ಎಂಜಿನ್) ಪ್ರೊ ಮಾದರಿಯ ಸೀಟು 891 ಮಿಮೀ, ಮಾಮೂಲಿ 4ವಿಯದ್ದು 825. ಹಿಂಬದಿ ಮಾತ್ರ ಎತ್ತರಿಸುವ ಯೋಚನೆ ಬೇಡ. ಮುಂದಿನ ಫೋರ್ಕ್ ನೆಟ್ಟಗಾಗಿ, ವೇಗದಲ್ಲಿ ಹ್ಯಾಂಡಲ್ ಅಲುಗತೊಡಗುತ್ತದೆ. ಎತ್ತರ ಏರಿಸಿದರೆ ಉದ್ದದ ಸೈಡ್ ಸ್ಟ್ಯಾಂಡ್ ಕೂಡ ಬೇಕು.

ಬೈಕಿನಿಂದ ಶಾಕ್ ಬಿಚ್ಚುವಾಗ ಪ್ಯಾಡಕ್ ಸ್ಟ್ಯಾಂಡ್ ಬಳಸಬೇಡಿ. ಅದು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಕೂತಿರುವ ತೋಳು) ಹಿಡಿದು ಎತ್ತುತ್ತದೆ, ನಮಗೆ ಬಿಡುವಾಗಬೇಕಿರುವುದೂ ಅದೇ. ಎಂಜಿನ್ ಕೆಳಗಿನ ಫ್ರೇಮಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ, ಬೈಕ್ ಪಕ್ಕಕ್ಕೆ ವಾಲದಂತೆ ಬೆಲ್ಟ್ ಕಟ್ಟಿ. ಚಕ್ರದ ಕೆಳಗೆ ಮರದ ತುಂಡು ಇಡಿ. ಇಲ್ಲದಿದ್ದರೆ ಬೋಲ್ಟ್ ಕಳಚಿದ ಕೂಡಲೇ ಸ್ವಿಂಗ್‌ಆರ್ಮ್ ಕೆಳಗೆ ಬೀಳುತ್ತದೆ. ಸೀಟು, ಪಕ್ಕದ ಪ್ಯಾನೆಲ್ ತೆಗೆದು ಫೋಟೊ ತೆಗೆದುಕೊಳ್ಳಿ. ಮೊದಲು ಲಿಂಕೇಜ್ (ಶಾಕನ್ನು ಸ್ವಿಂಗ್‌ಆರ್ಮ್‌ಗೆ ಜೋಡಿಸುವ ಕೊಂಡಿ) ಕಡೆಯ ಬೋಲ್ಟ್, ಆಮೇಲೆ ಮೇಲಿನದು ಬಿಚ್ಚಿ. ಬೋಲ್ಟ್ ಹೊರಬರದಿದ್ದರೆ ಸುತ್ತಿಗೆ ಎತ್ತಬೇಡಿ. ಚಕ್ರವನ್ನು ತುಸು ಮೇಲೆ ಕೆಳಗೆ ಆಡಿಸಿ, ಭಾರ ತಪ್ಪಿದ ಕಡೆ ತಾನೇ ಜಾರಿ ಬರುತ್ತದೆ.

ಲಿಂಕೇಜ್ ಕೈಗೆ ಸಿಕ್ಕಿದೆ, ಅದರ ಬೇರಿಂಗ್ ಒರೆಸಿ ನೀರಿಗೆ ಕರಗದ ಗ್ರೀಸ್ ತುಂಬಿ. ನಮ್ಮ ಮಳೆಗಾಲದ ಕೆಸರು ಮೊದಲು ತಿನ್ನುವುದೇ ಇದನ್ನು. ಶಾಕ್ ಒಳಗೆ ಒತ್ತಡದಲ್ಲಿ ಗ್ಯಾಸ್ ಇರುತ್ತದೆ, ಅದನ್ನು ಮನೆಯಲ್ಲಿ ಬಿಚ್ಚಬಾರದು. ಸ್ಪ್ರಿಂಗ್ ಬದಲಿಸುವುದಿದ್ದರೂ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ) ಇರುವ ಗ್ಯಾರೇಜಿಗೆ ಕೊಡಿ.

ಹೊಸ ಶಾಕನ್ನು ಕೈಯಲ್ಲೇ ಕೂರಿಸಿ, ಬೋಲ್ಟ್‌ಗಳನ್ನು ಸರ್ವಿಸ್ ಮ್ಯಾನುಯಲ್ ಹೇಳುವಷ್ಟೇ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಎತ್ತರ ಬದಲಾದರೆ ಚೈನ್ ಸಡಿಲವೂ ಬದಲಾಗುತ್ತದೆ, ನೋಡಿಕೊಳ್ಳಿ. ಸ್ಯಾಗ್ ಮತ್ತೆ ಅಳೆಯಿರಿ. ಆಮೇಲೆ ರಿಬೌಂಡ್: ಸೀಟನ್ನು ಜೋರಾಗಿ ಒತ್ತಿ ಬಿಟ್ಟರೆ ಒಂದೇ ಸಲಕ್ಕೆ ಮೇಲೆ ಬಂದು ನಿಲ್ಲಬೇಕು. ಪುಟಿದರೆ ರಿಬೌಂಡ್ ಒಂದೆರಡು ಕ್ಲಿಕ್ ಬಿಗಿ ಮಾಡಿ. ಸಾಲು ಉಬ್ಬುಗಳ ಮೇಲೆ ಹಿಂಬದಿ ಏಳದೆ ಕುಸಿಯುತ್ತಾ ಹೋದರೆ ಸಡಿಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ದಾರಿಯಲ್ಲೇ ಓಡಿಸಿ, ಎಷ್ಟು ಕ್ಲಿಕ್ ಅಂತ ಬರೆದಿಡಿ. ಮೊದಲ ಸವಾರಿ ಮುಗಿದ ಮೇಲೆ ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ನೋಡಿ.