ಒಬ್ಬ ಡಿಲನ್, ಆರು ನಟರು: ಈ ಸಿನಿಮಾಕ್ಕೆ ವಿಮರ್ಶೆ ಬರೆಯುವುದು ಹೇಗೆ

ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಸಂಗೀತಗಾರನ ಸಿನಿಮಾ ಎಂದರೆ ಮೊದಲು ನೆನಪಾಗುವುದು 'ಹಂಸಗೀತೆ'. ತರಾಸು ಕಾದಂಬರಿ, ಜಿ.ವಿ. ಅಯ್ಯರ್ ನಿರ್ದೇಶನ, 1975. ದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅದೇ ಅಳತೆಗೋಲು ಹಿಡಿದು ಟಾಡ್ ಹೇನ್ಸ್ ನಿರ್ದೇಶನದ 'ಐಯಾಮ್ ನಾಟ್ ದೇರ್' (2007) ನೋಡಲು ಕೂತರೆ ಅರ್ಧ ಗಂಟೆಯೊಳಗೆ ದಾರಿ ತಪ್ಪುತ್ತದೆ. ಇದು ಅಮೆರಿಕದ ಹಾಡುಗಾರ, ಗೀತರಚನಕಾರ ಬಾಬ್ ಡಿಲನ್ ಕುರಿತ ಚಿತ್ರ, ಆದರೆ ಯಾವ ಪಾತ್ರಕ್ಕೂ ಆ ಹೆಸರಿಲ್ಲ. ಹರಿಕಥೆಯಲ್ಲಿ ಒಬ್ಬರೇ ದಾಸರು ರಾಮನೂ ಆಗುತ್ತಾರೆ, ರಾವಣನೂ ಆಗುತ್ತಾರೆ. ಇಲ್ಲಿ ಅದು ತಿರುವುಮುರುವು: ಆರು ನಟರು ಸೇರಿ ಒಬ್ಬನಾಗುತ್ತಾರೆ.

ಮೊದಲು ಕೈಯಲ್ಲಿರುವ ಪ್ರತಿ ಪರೀಕ್ಷಿಸಿ. ಚಿತ್ರದ ಅವಧಿ 135 ನಿಮಿಷ. ಡಿವಿಡಿ ಸುಮಾರು 130 ನಿಮಿಷ ತೋರಿಸಿದರೆ, ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಚಿತ್ರವನ್ನು 25ಕ್ಕೆ ಓಡಿಸಿರುವ ಸಾಧ್ಯತೆ ಹೆಚ್ಚು. ಆಗ ವೇಗ ಶೇ. 4ರಷ್ಟು ಏರುತ್ತದೆ. ಧ್ವನಿಯನ್ನು ಸರಿಪಡಿಸಿರದಿದ್ದರೆ ಶ್ರುತಿಯೂ ಏರುತ್ತದೆ: ಹಾರ್ಮೋನಿಯಂನ ಬಿಳಿ ಒಂದಕ್ಕೂ ಕರಿ ಒಂದಕ್ಕೂ ಇರುವ ಅಂತರದ ಮುಕ್ಕಾಲಿಗೆ ಹತ್ತಿರ. ಹಾಡಿನ ದನಿ ತೆಳುವಾಯಿತೆಂದು ಗಾಯಕನನ್ನು ದೂರುವ ಮುನ್ನ ಇದನ್ನು ನೋಡಿಕೊಳ್ಳಿ. ಬೇರೆ ಕಡೆಯಿಂದ ತಂದ ಸಬ್‌ಟೈಟಲ್ ನಿಮಿಷ ಕಳೆದಂತೆ ಹೆಚ್ಚು ಹೆಚ್ಚು ಹಿಂದೆ ಬೀಳುತ್ತಿದ್ದರೂ ಕಾರಣ ಇದೇ. ಮುಂದೆ ಹಿಂದೆ ಸರಿಸಿದರೆ ಸಾಲದು, ಹೊಂದುವ ಫೈಲೇ ಬೇಕು.

ಎರಡು ಸಲ ನೋಡಿ. ಮೊದಲ ಸಲ ಪೆನ್ನು ಮುಟ್ಟಬೇಡಿ. ಎರಡನೆಯ ಸಲ ನೋಟ್‌ಬುಕ್ಕಿನಲ್ಲಿ ಆರು ಹಾಳೆ ಬಿಡಿ: ವುಡಿ ಎಂಬ ಕಪ್ಪು ಹುಡುಗ (ಮಾರ್ಕಸ್ ಕಾರ್ಲ್ ಫ್ರಾಂಕ್ಲಿನ್), ಆರ್ಥರ್ (ಬೆನ್ ವಿಶಾ), ಜಾಕ್ (ಕ್ರಿಶ್ಚಿಯನ್ ಬೇಲ್), ರಾಬಿ (ಹೀತ್ ಲೆಜರ್), ಜೂಡ್ (ಕೇಟ್ ಬ್ಲಾಂಚೆಟ್), ಬಿಲ್ಲಿ (ರಿಚರ್ಡ್ ಗೇರ್). ಕಥೆ ಒಂದರಿಂದ ಇನ್ನೊಂದಕ್ಕೆ ಹಾರಿದಾಗಲೆಲ್ಲ ಸಮಯ ಬರೆದು, ಬಣ್ಣವೋ ಕಪ್ಪುಬಿಳುಪೋ, ಕೇಳುವ ದನಿ ಡಿಲನ್‌ದೋ ಬೇರೆಯವರದೋ ಎಂದು ಗುರುತಿಸಿ. ಚಿತ್ರದಲ್ಲಿ ಎರಡೂ ಬಗೆಯ ದನಿಗಳಿವೆ. ಇದನ್ನು ಗಮನಿಸದೆ 'ಡಿಲನ್ ಅದ್ಭುತವಾಗಿ ಹಾಡಿದ್ದಾನೆ' ಎಂದು ಬರೆದು ಎಡವುವವರುಂಟು.

ಹೆಚ್ಚು ಎಡವುವುದು ಸಂಗೀತೋತ್ಸವದ ದೃಶ್ಯದಲ್ಲಿ. ಜೂಡ್ ಮತ್ತು ಬ್ಯಾಂಡಿನವರು ಪ್ರೇಕ್ಷಕರತ್ತ ತಿರುಗಿ ಮಷಿನ್‌ಗನ್ ಹಾರಿಸುತ್ತಾರೆ. 'ಹೀಗೆ ನಡೆದೇ ಇಲ್ಲ' ಎಂದು ಬರೆದರೆ ಅದು ವಿಮರ್ಶೆಯಲ್ಲ, ಸುದ್ದಿ ತಿದ್ದಿದಂತೆ. ನಡೆದದ್ದು ಇಷ್ಟು: 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದ, ಜಾನಪದ ಶೈಲಿಯ ಹಾಡಿಗೆ ಕಾದಿದ್ದವರಲ್ಲಿ ಕೆಲವರು ಕೂಗಿ ವಿರೋಧಿಸಿದರು. ಆ ಸದ್ದು ಅವರ ಕಿವಿಗೆ ಹೇಗೆ ಬಡಿಯಿತು ಎಂಬುದನ್ನು ಬಂದೂಕು ತೋರಿಸುತ್ತದೆ. ಮೊದಲು ನಡೆದದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ಚಿತ್ರ ಅದನ್ನು ಏನು ಮಾಡಿತು ಎಂದು ಬರೆಯಿರಿ, ಕೊನೆಗೆ ಒಪ್ಪಿಗೆಯೋ ಇಲ್ಲವೋ ಹೇಳಿ. ನಮ್ಮ ಅಭಿಪ್ರಾಯದಲ್ಲಿ ಇಡೀ ಚಿತ್ರದ ಕೀಲಿ ಇದೇ ದೃಶ್ಯ.

ಬೇರೆಯವರ ವಿಮರ್ಶೆಯನ್ನು ನಿಮ್ಮ ಮೊದಲ ಕರಡು ಮುಗಿದ ಮೇಲೆ ಓದಿ. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರ ತೀರ್ಪುಗಾರರ ವಿಶೇಷ ಪ್ರಶಸ್ತಿ ಹಂಚಿಕೊಂಡಿತು, ಬ್ಲಾಂಚೆಟ್ ಅತ್ಯುತ್ತಮ ನಟಿಯಾದರು, ಆಸ್ಕರ್‌ಗೂ ನಾಮನಿರ್ದೇಶನಗೊಂಡರು. ಹೊಗಳಿಕೆಯಲ್ಲಿ ದೊಡ್ಡ ಪಾಲು ಅವರದೇ; ಹೆಂಗಸಾಗಿ ಜೂಡ್ ಎಂಬ ಗಂಡಸಿನ ಪಾತ್ರ ಮಾಡಿದ್ದಾರೆ. ಗಂಡಸರು ಸ್ತ್ರೀಪಾತ್ರ ಮಾಡಿದ ಕಂಪನಿ ನಾಟಕದ ಪರಂಪರೆ ಬಲ್ಲ ನಮಗೆ ಆ ಅದಲುಬದಲು ಅಷ್ಟೇನೂ ಅಪರಿಚಿತವಲ್ಲ; ಆ ಕೋನದಿಂದ ಬರೆದರೆ ನಿಮ್ಮ ಮಾತು ಬೇರೆಯಾಗುತ್ತದೆ. ದೂರು ಹೆಚ್ಚಾಗಿ ಬಂದದ್ದು ಗೇರ್ ಭಾಗದ ಮೇಲೆ. ಪ್ರತಿ ದೂರನ್ನೂ ಹೀಗೆ ಸೋಸಿ: ಆ ಭಾಗ ಸೋತಿತು ಎನ್ನುತ್ತಿದ್ದಾರೋ, ಅಥವಾ ತಮಗೆ ಬೇಕಿದ್ದ ಜೀವನಚರಿತ್ರೆ ಸಿಗಲಿಲ್ಲ ಎನ್ನುತ್ತಿದ್ದಾರೋ? ಎರಡನೆಯದಾದರೆ ಬದಿಗಿಡಿ.

ಬರಹ 500 ಪದವಾದರೆ ಕಥೆಗೆ 60 ಪದ ಸಾಕು. ಆರೂ ಪಾತ್ರಗಳಿಗೆ ಸಮಪಾಲು ಬೇಡ; ಎರಡನ್ನು ಆರಿಸಿ ಆಳಕ್ಕಿಳಿಯಿರಿ. ಗುಂಪಾಗಿ ನೋಡಿದ್ದರೆ ಚಿತ್ರ ಮುಗಿದ ಕೂಡಲೇ ಚರ್ಚೆಗಿಳಿಯದೆ, ಮಂಡಕ್ಕಿ-ಮಿರ್ಚಿ ತಿಂದು ಒಂದಿಪ್ಪತ್ತು ನಿಮಿಷ ಬಿಟ್ಟು ಕೂರಿ. ಮೊದಲ ಸಿಟ್ಟು ಇಳಿದಿರುತ್ತದೆ. ಕೊನೆಗೆ, ಡಿಲನ್ ಹೆಸರೇ ಕೇಳದ ಒಬ್ಬರ ಮುಂದೆ ಬರಹವನ್ನು ಗಟ್ಟಿಯಾಗಿ ಓದಿ. ಅವರು 'ಯಾರದು?' ಎಂದಲ್ಲೆಲ್ಲ ಒಂದು ಸಾಲು ಸೇರಿಸಿ.