ಜಿಪಿಎಸ್ ಮಾಡ್ಯೂಲ್ ಕಳಿಸುವ ಎನ್‌ಎಂಇಎ ಸಾಲನ್ನು ತಪ್ಪಿಲ್ಲದೆ ಓದುವುದು ಹೇಗೆ

ನಿಯೋ-6ಎಂ ಜಿಪಿಎಸ್ ಮಾಡ್ಯೂಲನ್ನು ಆರ್ಡುಯಿನೊ ಉನೋ ಬೋರ್ಡಿಗೆ ಜೋಡಿಸಿದ್ದೀರಿ, ಆದರೆ ನಕ್ಷೆಯಲ್ಲಿ ಚುಕ್ಕೆ ಬೇರೆ ಊರಲ್ಲಿ ಬೀಳುತ್ತಿದೆ. ಉಪಗ್ರಹವನ್ನು ದೂರುವ ಮೊದಲು, ಮಾಡ್ಯೂಲ್ ಕಳಿಸುವ ಎನ್‌ಎಂಇಎ ಸಾಲನ್ನು (ಸ್ಥಾನ, ಸಮಯ ಹೊತ್ತ ಪಠ್ಯದ ಸಾಲು) ನಿಮ್ಮ ಕೋಡ್ ಹೇಗೆ ಓದುತ್ತಿದೆ ನೋಡಿ. ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಮೊದಲು ತಂತಿ. ಮಾಡ್ಯೂಲಿನ ಟಿಎಕ್ಸ್ (ಕಳಿಸುವ ಪಿನ್) ಉನೋದ 4ನೇ ಪಿನ್ನಿಗೆ, ಆರ್‌ಎಕ್ಸ್ (ಪಡೆಯುವ ಪಿನ್) 3ನೇ ಪಿನ್ನಿಗೆ, ಗ್ರೌಂಡ್ ಗ್ರೌಂಡಿಗೆ. 0 ಮತ್ತು 1ನೇ ಪಿನ್ ಯುಎಸ್‌ಬಿಗೂ ಬೇಕಾಗುವುದರಿಂದ ಅವನ್ನು ಬಿಟ್ಟು, ಬೇರೆ ಪಿನ್ನುಗಳಲ್ಲಿ ಸೀರಿಯಲ್ ಸಂಪರ್ಕ ಕೊಡುವ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿ ಬಳಸಿ. ಬೋರ್ಡಿನಲ್ಲಿ ರೆಗ್ಯುಲೇಟರ್ ಇದ್ದರೆ 5 ವೋಲ್ಟ್ ಕೊಡಬಹುದು. ಬರೀ ಚಿಪ್ಪಿಗಾದರೆ 3.6 ವೋಲ್ಟ್ ದಾಟಬಾರದು. ಉನೋದಿಂದ ಮಾಡ್ಯೂಲಿಗೆ ಹೋಗುವ ಡೇಟಾ ತಂತಿಯೂ 5 ವೋಲ್ಟಿನದೇ. ಅದಕ್ಕೆ ಸರಣಿಯಲ್ಲಿ 1 ಕಿಲೋಓಮ್, ಮಾಡ್ಯೂಲಿನ ಆರ್‌ಎಕ್ಸ್‌ನಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿದರೆ 3.3 ವೋಲ್ಟಿಗೆ ಇಳಿಯುತ್ತದೆ.

ಸೀರಿಯಲ್ ವೇಗ 9600 ಬಾಡ್ (ಸೆಕೆಂಡಿಗೆ ಇಷ್ಟು ಬಿಟ್), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಎನ್‌ಎಂಇಎ 0183 ಹಡಗಿನ ಉಪಕರಣಗಳಿಗಾಗಿ ಬಂದ ಮಾನಕ. ಅದರ ಮೂಲ ವೇಗ 4800. ಹಾಗಾಗಿ ಹಳೆಯ ರಿಸೀವರ್ ಕೈಗೆ ಸಿಕ್ಕಿ ಪರದೆಯ ಮೇಲೆ ಕಸ ಬಂದರೆ 4800 ಹಾಕಿ ನೋಡಿ. ಎಲ್ಲ ಸರಿಯಿದ್ದರೆ ಇಂಥ ಸಾಲು ಕಾಣುತ್ತದೆ (ತಂತಿಯಲ್ಲಿ ಅಕ್ಷರಗಳು ರೋಮನ್ನಿನಲ್ಲೇ ಬರುತ್ತವೆ):

$ಜಿಪಿಆರ್‌ಎಂಸಿ,063015.00,ಎ,1258.29600,ಎನ್,07735.67600,ಇ,0.120,,150825,,,ಎ*7ಬಿ

ಕೊನೆಯ 7ಬಿ ಚೆಕ್‌ಸಮ್, ಅಂದರೆ ಸಾಲು ಕೆಡದೆ ಬಂತೇ ಎಂದು ಪರೀಕ್ಷಿಸುವ ಸಂಖ್ಯೆ. $ ಮತ್ತು * ನಡುವಿನ ಪ್ರತಿ ಅಕ್ಷರವನ್ನೂ ಎಕ್ಸ್‌ಆರ್ (ಬಿಟ್‌ಗಳು ಬೇರೆಯಾದರೆ 1, ಒಂದೇ ಆದರೆ 0) ಮಾಡುತ್ತ ಹೋಗಿ; ಆ ಎರಡು ಚಿಹ್ನೆಗಳು ಲೆಕ್ಕಕ್ಕಿಲ್ಲ, ಅಲ್ಪವಿರಾಮಗಳು ಇವೆ. ಉತ್ತರ ಹೆಕ್ಸ್‌ನಲ್ಲಿ ಹೊಂದದಿದ್ದರೆ ಸಾಲನ್ನು ಎಸೆದುಬಿಡಿ, ಸರಿಪಡಿಸಲು ಹೋಗಬೇಡಿ. ಪದೇ ಪದೇ ಹೊಂದುತ್ತಿಲ್ಲವೆಂದರೆ ಲೂಪಿನಲ್ಲಿ ಡಿಲೇ ಹಾಕಿದ್ದೀರಾ ನೋಡಿ. ಸಾಫ್ಟ್‌ವೇರ್ ಸೀರಿಯಲ್‌ನ ಬಫರ್ (ಬಂದ ಅಕ್ಷರಗಳು ಕಾಯುವ ಜಾಗ) 64 ಬೈಟ್ ಮಾತ್ರ. 9600ರಲ್ಲಿ ಸೆಕೆಂಡಿಗೆ 960 ಅಕ್ಷರ ಬರುವುದರಿಂದ ಅದು ಸುಮಾರು 67 ಮಿಲಿಸೆಕೆಂಡಿನಲ್ಲಿ ತುಂಬಿ, ಒಂದು ಸಾಲಿನ ತಲೆಗೆ ಇನ್ನೊಂದರ ಬಾಲ ಅಂಟಿಕೊಳ್ಳುತ್ತದೆ.

ಮುಂದೆ ಸಾಲನ್ನು ಬಿಡಿಸುವುದು. ಮೇಲಿನ ಸಾಲಿನಲ್ಲಿ 0.120 ಆದಮೇಲೆ ಎರಡು ಅಲ್ಪವಿರಾಮ ಒಟ್ಟಿಗಿವೆ: ನಿಂತಲ್ಲೇ ಇರುವ ರಿಸೀವರಿಗೆ ದಿಕ್ಕು ಗೊತ್ತಾಗದೆ ಆ ಅಂಕಣ ಖಾಲಿ ಬಿಟ್ಟಿದೆ. ಸಾಲನ್ನು ತುಂಡರಿಸುವ ಸಿ ಭಾಷೆಯ ಎಸ್‌ಟಿಆರ್‌ಟಾಕ್ ಫಂಕ್ಷನ್ ಖಾಲಿ ಅಂಕಣವನ್ನು ನುಂಗಿಬಿಡುತ್ತದೆ, ಆಗ ತಾರೀಕು ದಿಕ್ಕಿನ ಜಾಗಕ್ಕೆ ಜರುಗುತ್ತದೆ. ಗಾಡಿ ಓಡುವಾಗ ಸರಿ, ನಿಂತಾಗ ತಪ್ಪು ಎನ್ನುವ ವಿಚಿತ್ರ ದೋಷದ ಮೂಲ ಇದು. ಅಲ್ಪವಿರಾಮಗಳನ್ನು ನೀವೇ ಎಣಿಸುವ ಕೋಡ್ ಬರೆಯಿರಿ.

ಸಾಲನ್ನು ಗುರುತಿಸಲು ಜಿಪಿಆರ್‌ಎಂಸಿ ಎಂದು ಪೂರ್ತಿ ಹೋಲಿಸಬೇಡಿ. ಮೊದಲ ಎರಡು ಅಕ್ಷರ ಮೂಲ ವ್ಯವಸ್ಥೆಯದು: ಜಿಪಿಎಸ್‌ಗೆ ಜಿಪಿ, ರಷ್ಯಾದ ಗ್ಲೋನಾಸ್‌ಗೆ ಜಿಎಲ್, ಇಸ್ರೋದ ನಾವಿಕ್‌ಗೆ ಜಿಐ, ಹಲವು ಸೇರಿದರೆ ಜಿಎನ್. ನಿಯೋ-6ಎಂ ಹಿಡಿಯುವುದು ಜಿಪಿಎಸ್ ಮಾತ್ರ. ನಾಳೆ ಹಲವು ವ್ಯವಸ್ಥೆ ಹಿಡಿಯುವ ಎಂ8ಎನ್ ಮಾಡ್ಯೂಲ್ ಹಾಕಿದರೆ ಜಿಎನ್ ಬಂದು ಕೋಡ್ ಮೌನವಾಗುತ್ತದೆ. ಕೊನೆಯ ಮೂರು ಅಕ್ಷರ (ಆರ್‌ಎಂಸಿ) ನೋಡಿದರೆ ಸಾಕು.

ಸಮಯದ ನಂತರದ ಅಂಕಣ ಎ ಇದ್ದರೆ ಸ್ಥಾನ ನಂಬಬಹುದು, ವಿ ಇದ್ದರೆ ಇಲ್ಲ. ಚಾಲೂ ಮಾಡಿದ ಕೂಡಲೇ ವಿ ಬರುವುದು ಸಹಜ: ಜಿಪಿಎಸ್ ಉಪಗ್ರಹ ಸೆಕೆಂಡಿಗೆ 50 ಬಿಟ್‌ನಂತೆ ಕಳಿಸುವ ಕಕ್ಷೆಯ ವಿವರ 30 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಆಂಟೆನಾ ಆಕಾಶ ನೋಡುವಂತಿರಲಿ. ಕೋಣೆಯೊಳಗೆ ಕುಳಿತು ಬಾಡ್ ಬದಲಿಸುತ್ತ ಹೋದರೆ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಅಕ್ಷಾಂಶದಲ್ಲಿ. 1258.29600 ಎಂದರೆ 12 ಡಿಗ್ರಿ, 58.296 ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿ ಕೂಡಿಸಿದರೆ 12.9716 ಸಿಗುತ್ತದೆ. ರೇಖಾಂಶಕ್ಕೆ ಡಿಗ್ರಿ ಮೂರಂಕಿ: 077 ಡಿಗ್ರಿ, 35.676 ನಿಮಿಷ, ಅಂದರೆ 77.5946. ಹೀಗೆ ಮಾಡದೆ ಸುಮ್ಮನೆ 100ರಿಂದ ಭಾಗಿಸಿದರೆ ಬೆಂಗಳೂರಿನ ಮಧ್ಯದಲ್ಲಿರುವ ಚುಕ್ಕೆ ಸುಮಾರು 50 ಕಿಲೋಮೀಟರ್ ನೈಋತ್ಯಕ್ಕೆ, ಕನಕಪುರದ ಆಸುಪಾಸಿಗೆ ಹೋಗುತ್ತದೆ. ಉನೋದಲ್ಲಿ ಡಬಲ್ ಎಂದು ಬರೆದರೂ ಸಿಗುವುದು 32 ಬಿಟ್ ಫ್ಲೋಟ್. 77 ಡಿಗ್ರಿಯ ಬಳಿ ಅದರ ಒಂದು ಮೆಟ್ಟಿಲು 80 ಸೆಂಟಿಮೀಟರ್ ದಾಟುತ್ತದೆ. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ 32 ಬಿಟ್ ಪೂರ್ಣಾಂಕದಲ್ಲಿ ಇಡಿ.

ಸಮಯ ಯುಟಿಸಿ (ವಿಶ್ವ ಸಮಯ): 063015ಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಮಧ್ಯಾಹ್ನ 12:00:15. ಯುಟಿಸಿ 18:30 ದಾಟಿದ ಮೇಲೆ ತಾರೀಕನ್ನೂ ಮುಂದೂಡಬೇಕು. ವೇಗ ನಾಟ್‌ಗಳಲ್ಲಿದೆ, ಗಂಟೆಗೆ ಕಿಲೋಮೀಟರ್ ಬೇಕಾದರೆ 1.852ರಿಂದ ಗುಣಿಸಿ. ಎತ್ತರ ಜಿಜಿಎ ಎಂಬ ಇನ್ನೊಂದು ಎನ್‌ಎಂಇಎ ಸಾಲಿನಲ್ಲಿ ಸಿಗುತ್ತದೆ, ಅದು ಸಮುದ್ರಮಟ್ಟದಿಂದ. ದೀರ್ಘವೃತ್ತಜದಿಂದ (ಭೂಮಿಯ ಗಣಿತೀಯ ಆಕಾರ) ಎತ್ತರ ಬೇಕಾದರೆ ಅದೇ ಸಾಲಿನ ಜಿಯಾಯ್ಡ್ ವ್ಯತ್ಯಾಸವನ್ನು (ದೀರ್ಘವೃತ್ತಜದಿಂದ ಸಮುದ್ರಮಟ್ಟ ಎಷ್ಟು ಮೇಲಿದೆ ಅಥವಾ ಕೆಳಗಿದೆ) ಕೂಡಿಸಿ. ಬೆಂಗಳೂರಿನಲ್ಲಿ ಅದು ಸುಮಾರು −86 ಮೀಟರ್, ಕಡೆಗಣಿಸುವಂಥದ್ದಲ್ಲ.

ಸೆಕೆಂಡಿಗೆ 5 ಸಲ ಸ್ಥಾನ ಬೇಕೆಂದರೆ 9600ರಲ್ಲಿ ಎಲ್ಲ ಸಾಲುಗಳೂ ಹಿಡಿಸುವುದಿಲ್ಲ. ಜಿಎಸ್‌ವಿ, ಜಿಎಲ್‌ಎಲ್, ವಿಟಿಜಿ ಸಾಲುಗಳನ್ನು ನಿಲ್ಲಿಸಿ, ಇಲ್ಲವೇ ಚಿಪ್ ತಯಾರಕರಾದ ಯುಬ್ಲಾಕ್ಸ್‌ನ ಬೈನರಿ ಪ್ರೋಟೋಕಾಲ್ ಯುಬಿಎಕ್ಸ್‌ಗೆ ಹೋಗಿ. ಅದರ ಪ್ರತಿ ಸಂದೇಶ ಹೆಕ್ಸ್ ಬಿ5, 62ರಿಂದ ಶುರು. ನಂತರ ಕ್ಲಾಸ್, ಐಡಿ, ಎರಡು ಬೈಟ್ ಉದ್ದ (ಚಿಕ್ಕ ಬೈಟ್ ಮೊದಲು), ಡೇಟಾ, ಎರಡು ಚೆಕ್‌ಸಮ್ ಬೈಟ್. ಚೆಕ್‌ಸಮ್ ಲೆಕ್ಕ ಕ್ಲಾಸ್‌ನಿಂದ ಶುರುವಾಗುತ್ತದೆ. ಸ್ಥಾನ, ವೇಗ, ಸಮಯ ಒಟ್ಟಿಗೆ ಕೊಡುವ ನ್ಯಾವ್-ಪಿವಿಟಿ ಸಂದೇಶ ನಿಯೋ-6ರಲ್ಲಿಲ್ಲ, ಹೊಸ ಚಿಪ್ಪಿಗೆ ಬರೆದ ಲೈಬ್ರರಿ ಇಲ್ಲಿ ಸುಮ್ಮನೆ ಕಾಯುತ್ತಿರುತ್ತದೆ. ಇದರಲ್ಲಿ ನ್ಯಾವ್-ಪೋಸ್‌ಎಲ್‌ಎಲ್‌ಎಚ್ ಬಳಸಿ: ಒಟ್ಟು 36 ಬೈಟ್, ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಸ್ಥಾನ ನಂಬಬಹುದೇ ಎಂಬ ಗುರುತು ಇದರಲ್ಲಿಲ್ಲ. ಅದಕ್ಕೆ ನ್ಯಾವ್-ಸ್ಟೇಟಸ್ ಸಂದೇಶವನ್ನೂ ಜೊತೆಗೇ ಚಾಲೂ ಮಾಡಿ.