ಒಣ ಕಸದ ಘಟಕ ವಹಿಸಿಕೊಳ್ಳುವ ಮಹಿಳಾ ಒಕ್ಕೂಟಕ್ಕೆ: ಮೊದಲು ಕೂಲಿ, ಆಮೇಲೆ ಗುಜರಿ

ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣವನ್ನು, ಅಂದರೆ ಒಣ ಕಸ ವಿಂಗಡಿಸುವ ಘಟಕವನ್ನು, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ ವಹಿಸಿಕೊಳ್ಳುವಾಗ ‘ಒಣ ಕಸ ಮಾರಿ ಸಂಬಳ ಹುಟ್ಟಿಸಿಕೊಳ್ಳಿ’ ಎಂಬ ಮಾತಿಗೆ ಒಪ್ಪಬೇಡಿ. ರಟ್ಟು, ಕಬ್ಬಿಣದಂಥ ಬೆಲೆಯ ಸಾಮಾನನ್ನು ಮನೆಯವರೇ ಗುಜರಿಗೆ ಹಾಕಿರುತ್ತಾರೆ. ಕಸದ ಗಾಡಿಗೆ ಬೀಳುವುದು ಹೆಚ್ಚಾಗಿ ಗುಟ್ಕಾ ಚೀಟಿ, ಚಿಪ್ಸ್ ಕವರ್. 800 ಮನೆಗೆ ತಿಂಗಳಿಗೆ 30 ರೂಪಾಯಿ ಶುಲ್ಕವೆಂದರೆ ಲೆಕ್ಕದಲ್ಲಿ 24,000. ಮೂರರಲ್ಲಿ ಎರಡು ಮನೆ ಕೊಟ್ಟರೆ ಕೈಗೆ ಬರುವುದು 16,000. ಚಾಲಕಿ, ಇಬ್ಬರು ಸಹಾಯಕಿಯರು, ಗಾಡಿಯ ಖರ್ಚಿಗೆ ಇದು ಸಾಲದು. ಕೊರತೆಯನ್ನು ಪಂಚಾಯಿತಿ ತುಂಬಿಕೊಡಬೇಕೆಂದು ಒಡಂಬಡಿಕೆಯಲ್ಲೇ ಬರೆಸಿ: ಎಷ್ಟು, ಯಾವ ತಾರೀಖಿನೊಳಗೆ, ರಿಪೇರಿ ಮತ್ತು ವಿಮೆ ಯಾರ ಪಾಲು. ಗುಜರಿ ಮಾರಿದ ಹಣ ಸಂಬಳಕ್ಕೆ ಬೆರೆಯದೆ ಬೇರೆಯೇ ಇರಲಿ.

ಊರಲ್ಲಿ ಮೊದಲಿನಿಂದ ಚಿಂದಿ ಆಯುತ್ತಿದ್ದವರಿದ್ದರೆ ವಿಂಗಡಣೆಯ ಕೆಲಸ ಮೊದಲು ಅವರಿಗೆ. 2016ರ ಘನತ್ಯಾಜ್ಯ ನಿಯಮಗಳೂ ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಲು ಹೇಳಿದ್ದವು. ಅವರ ಅನ್ನ ಕಿತ್ತುಕೊಂಡು ಊರು ಚೊಕ್ಕ ಮಾಡುವುದು ನ್ಯಾಯವಲ್ಲ.

ನೀರು, ತಂಪು ಪಾನೀಯದ ಪೆಟ್ ಬಾಟಲಿಯ ಮುಚ್ಚಳ ಬಿಚ್ಚಿ ಬೇರೆ ಚೀಲಕ್ಕೆ ಹಾಕಿ. ಮುಚ್ಚಳ ಬಿಗಿದಿದ್ದರೆ ಒಳಗಿನ ಗಾಳಿ ಹೊರಬರದೆ ಬೇಲ್ (ಯಂತ್ರದಲ್ಲಿ ಒತ್ತಿ ಬಿಗಿದ ಕಟ್ಟು) ಉಬ್ಬುತ್ತದೆ. ಮೇಲಾಗಿ ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್. ಅನುಮಾನ ಬಂದರೆ ಒಂದು ಚೂರು ಕತ್ತರಿಸಿ ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಹೋಗುವಂತೆ ಬೆರಳಲ್ಲಿ ಉಜ್ಜಿ ಬಿಡಿ. ಮುಚ್ಚಳ, ಹಾಲಿನ ಕವರ್ ತೇಲುತ್ತವೆ, ಪೆಟ್ ಮುಳುಗುತ್ತದೆ. ಪಿವಿಸಿ ಪೈಪಿನ ಚೂರೂ ಮುಳುಗುವುದರಿಂದ ಅದನ್ನು ಕಣ್ಣಲ್ಲೇ ಆರಿಸಬೇಕು. ಪೆಟ್ ಜೊತೆ ಸೇರಿ ಕರಗಿದರೆ ಸರಕು ಕೆಡುತ್ತದೆ, ಖರೀದಿದಾರ ಮುಂದಿನ ಲೋಡ್ ಬೇಡ ಎನ್ನುತ್ತಾನೆ.

ಹಾಲಿನ ಕವರನ್ನು ಮನೆಯಲ್ಲೇ ತೊಳೆದು ಒಣಗಿಸಿ ಕೊಡಲು ಹೇಳಿ. ಮೂಲೆಯ ಚೂರನ್ನು ಪೂರ್ತಿ ಕತ್ತರಿಸದೆ ಕವರಿಗೇ ಅಂಟಿಕೊಂಡಿರಲು ಬಿಡಲಿ. ಬಿಡಿ ಚೂರು ಚರಂಡಿ ಸೇರಿದರೆ ಯಾರ ಕೈಗೂ ಸಿಗದು. ರಟ್ಟನ್ನು ಹಲಗೆಯ ಮೇಲೆ ಪೇರಿಸಿ, ಒದ್ದೆಯಾದರೆ ದರ ಬೀಳುತ್ತದೆ.

ಚಿಪ್ಸ್ ಕವರಿನಿಂದ ಆದಾಯ ಎಣಿಸಬೇಡಿ. ಅದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬಹುದು, ಆದರೆ ಸಾಗಣೆ ಖರ್ಚು ಮೈಮೇಲೆ ಬರುತ್ತದೆ. ಅಕ್ಕಪಕ್ಕದ ಪಂಚಾಯಿತಿಗಳ ಜೊತೆ ಸೇರಿ ಲಾರಿ ತುಂಬಿದ ಮೇಲೆ ಕಳಿಸಿ.

ತಕ್ಕಡಿ ಒಕ್ಕೂಟದ್ದೇ ಇರಬೇಕು. ಲಾರಿ ಬರುವ ಮುನ್ನವೇ ತೂಗಿ, ಪ್ರತಿ ಚೀಲದ ತೂಕ ಪುಸ್ತಕದಲ್ಲಿ ಬರೆಯಿರಿ. ಮೂವರು ವ್ಯಾಪಾರಿಗಳ ದರ ಕೇಳಿ.

ಮೊಬೈಲ್ ಬ್ಯಾಟರಿ ಒಂದೂ ಬೇಲಿಂಗ್ ಯಂತ್ರದೊಳಗೆ ಹೋಗಬಾರದು. ಜಜ್ಜಿಹೋದರೆ ತಕ್ಷಣವೇ ಅಥವಾ ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು. ಸಿಕ್ಕಿದ್ದನ್ನೆಲ್ಲ ಮರಳು ತುಂಬಿದ ಡಬ್ಬಿಯಲ್ಲಿ ಹೂತು, ಶೆಡ್ಡಿನ ಹೊರಗೆ ನೆರಳಲ್ಲಿಡಿ.